ಸಂಶೋಧನ ವಿದ್ಯಾರ್ಥಿಗಳ ಮೇಲ್ವಿಚಾರಣೆ: ತಾಳೆಗರಿಯ ಕಟ್ಟಿನಿಂದ ತಂತ್ರಾಂಶದ ಏಜೆಂಟರ ವರೆಗೆ

ಶ್ರೀಮಠದ ಮಹೋತ್ಸವದ ಸ್ಮರಣ ಸಂಪುಟಕ್ಕಾಗಿ ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡ ಈ ನಾಲ್ಕು ತಾಲೂಕುಗಳ ವಿದ್ಯಾಪ್ರಸಾರವನ್ನು ಕುರಿತು ಒಂದು ಐತಿಹಾಸಿಕ ಲೇಖನವನ್ನು ಬರೆದು ಕೊಡಬೇಕೆಂದು ಸಂಪಾದಕ ಮಂಡಳಿಯ ಮಹನೀಯರು ಈ ಲೇಖಕನಿಗೆ ಅಪ್ಪಣೆ ಮಾಡಿದರು. ಶಾಲೆಗಳು ಎಷ್ಟು, ಪ್ರಸಾದ ನಿಲಯಗಳು ಎಷ್ಟು, ದಾನಿಗಳು ಯಾರು ಎಂಬಿತ್ಯಾದಿ ಸಂಗತಿಗಳನ್ನು ಇದೇ ಸಂಪುಟದಲ್ಲಿ ಬಲ್ಲವರು ಬರೆದಿರುವರು. ಅವನ್ನೇ ಮತ್ತೆ ಬರೆಯುವದರಲ್ಲಿ ಅರ್ಥವಿಲ್ಲ. ಆದ ಕಾರಣ ವಿದ್ಯೆಯ ಕೊನೆಯ ಮೆಟ್ಟಿಲಿನಲ್ಲಿ ನಿಂತಿರುವ ಸಂಶೋಧನ ವಿದ್ಯಾರ್ಥಿಯನ್ನು, ಅಂದರೆ ಡಾಕ್ಟರೇಟ ಪದವಿಗಾಗಿ ಪ್ರಬಂಧವನ್ನು ಬರೆಯುವವನನ್ನು, ಯಾರು ನೋಡಿಕೊಳ್ಳುವರು, ಹೇಗೆ ನೋಡಿಕೊಳ್ಳುತ್ತ ಬಂದರು ಎಂಬಷ್ಟನ್ನೇ ಆರಿಸಿಕೊಂಡಿದ್ದೇನೆ. ಈಚೆಗೆ ಈ ನೋಡಿಕೊಳ್ಳುವ ಕೆಲಸವನ್ನು ಗಣಕಯಂತ್ರದೊಳಗಿನ ಏಜೆಂಟರಿಗೆ ಒಪ್ಪಿಸಬಹುದೆಂಬ ಮಾತು ಹುಟ್ಟಿಕೊಂಡಿರುವದರಿಂದ, ಹಿಂದಿನದನ್ನು ನೆನೆದುಕೊಳ್ಳುವದಕ್ಕೆ ಇದು ತಕ್ಕ ಸಮಯವೆಂದು ತೋರಿತು.

ಒಬ್ಬ ವಿದ್ಯಾರ್ಥಿಗೆ ಒಬ್ಬ ಮಾರ್ಗದರ್ಶಕ, ಒಂದು ಹೊಸ ಪ್ರಬಂಧ, ಅದಕ್ಕೊಂದು ಮೌಖಿಕ ಪರೀಕ್ಷೆ ಎಂಬ ಈ ಪದ್ಧತಿಯು ನಮ್ಮ ದೇಶದ್ದಲ್ಲ. ೧೮೧೦ರಲ್ಲಿ ತೆರೆದ ಬರ್ಲಿನ್ ವಿಶ್ವವಿದ್ಯಾಲಯದ ಮಾದರಿಯಿಂದ ಜರ್ಮನಿಯಲ್ಲಿ ಅದು ಬಲಗೊಂಡಿತು. ೧೮೬೧ರಲ್ಲಿ ಅಮೇರಿಕೆಯ ಯೇಲ್ ವಿಶ್ವವಿದ್ಯಾಲಯವು ಆ ಪದವಿಯನ್ನು ಕೊಟ್ಟಿತು. ಆಕ್ಸ್‌ಫರ್ಡ್‌ನವರು ೧೯೧೭ರ ವರೆಗೂ ಅದನ್ನು ಒಪ್ಪಿಕೊಂಡಿರಲಿಲ್ಲ. ಅದೇ ೧೯೧೭ರಲ್ಲಿ ಧಾರವಾಡದಲ್ಲಿ ಕರ್ನಾಟಕ ಕಾಲೇಜು ಆರಂಭವಾಯಿತೆಂಬುದನ್ನು ವಾಚಕರು ಬಲ್ಲರು. ಉತ್ತರ ಕನ್ನಡ ಜಿಲ್ಲೆಯು ೧೮೬೨ರಲ್ಲಿ ಮದ್ರಾಸ ಇಲಾಖೆಯಿಂದ ಮುಂಬಯಿ ಇಲಾಖೆಗೆ ಸೇರಿದ್ದರಿಂದ ಹಳಿಯಾಳ ಸೂಪಾ ಕಡೆಯ ಹುಡುಗನಿಗೆ ಬಹುಕಾಲ ಮುಂಬಯಿ ವಿಶ್ವವಿದ್ಯಾಲಯವೇ ಗತಿಯಾಗಿತ್ತು. ಸಂಶೋಧನೆಯೆಂದರೆ ಮುಂಬಯಿಗೆ ಹೋಗುವದು, ಇಲ್ಲವೆ ಸಮುದ್ರವನ್ನು ದಾಟುವದು. ಡಾಕ್ಟರ ಎಸ್. ಸಿ. ನಂದಿಮಠರು ಲಂಡನ್ನಿಗೆ ಹೋಗಿ ಅಲ್ಲಿಯ ವಿಶ್ವವಿದ್ಯಾಲಯಕ್ಕೆ ಪ್ರಬಂಧವನ್ನು ಒಪ್ಪಿಸಿದರು. ವೀರಶೈವ ಮತವನ್ನು ಕುರಿತ ಅವರ ಇಂಗ್ಲಿಷ ಕೈಪಿಡಿಯನ್ನು ೧೯೪೨ರಲ್ಲಿ ಧಾರವಾಡದ ಲಿಂಗಾಯತ ಎಜ್ಯುಕೇಶನ್ ಅಸೋಸಿಯೇಶನ್ನಿನವರು ಅಚ್ಚು ಹಾಕಿಸಿದರು. ನಮ್ಮ ಶರಣರ ಮಾತನ್ನು ಪರೀಕ್ಷಿಸುವ ಅಧಿಕಾರವು ಆಗ ಥೇಮ್ಸ್ ನದಿಯ ದಂಡೆಯ ಮೇಲಿತ್ತೆಂಬುದು ಸೋಜಿಗವೇ ಸರಿ.

ಆದರೆ ಪದವಿಯಿಲ್ಲದ, ಮೇಲ್ವಿಚಾರಕನಿಲ್ಲದ ಸಂಶೋಧನೆಯೂ ಅದೇ ಕಾಲದಲ್ಲಿ ನಡೆದಿತ್ತು. ವಿಜಾಪುರದ ವಕೀಲರಾದ ಫ. ಗು. ಹಳಕಟ್ಟಿಯವರು (೧೮೮೦–೧೯೬೪) ಮನೆ ಮನೆ ಮಠ ಮಠ ತಿರುಗಿ ತಾಳೆಗರಿಯ ಕಟ್ಟುಗಳನ್ನು ಕೂಡಿಹಾಕಿ ೧೯೨೩ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲನೆಯ ಭಾಗವನ್ನು ಹೊರತಂದರು; ೧೯೨೫ರಲ್ಲಿ ಸ್ವಂತ ಮುದ್ರಣಾಲಯವನ್ನು ಹಾಕಿದರು; ೧೯೨೬ರಿಂದ ‘ಶಿವಾನುಭವ’ ಪತ್ರಿಕೆಯನ್ನು ನಡೆಯಿಸಿದರು. ಅವರಿಗೆ ಆರು ತಿಂಗಳಿಗೊಮ್ಮೆ ವರದಿಯನ್ನು ಕೇಳುವವರು ಯಾರೂ ಇರಲಿಲ್ಲ. ಇದ್ದಿದ್ದರೆ ವರದಿಯನ್ನು ಬರೆಯುವದರಲ್ಲಿ ಎಷ್ಟು ಕಟ್ಟುಗಳು ಗೆದ್ದಲಿನ ಪಾಲಾಗುತ್ತಿದ್ದವೋ ತಿಳಿಯದು. ಈ ಮಾತನ್ನು ವಿನೋದಕ್ಕಾಗಿ ಹೇಳಿದೆನೇ ಹೊರತು, ಮೇಲ್ವಿಚಾರಣೆಯು ಬೇಡವೆಂಬ ಅಭಿಪ್ರಾಯದಿಂದಲ್ಲ. ಹಳಕಟ್ಟಿಯವರಂಥವರು ನೂರು ವರ್ಷಕ್ಕೆ ಒಬ್ಬರು.

೧೯೩೯ರಲ್ಲಿ ಮುಂಬಯಿ ಸರಕಾರವು ಧಾರವಾಡದಲ್ಲಿ ಕನ್ನಡ ಸಂಶೋಧನ ಸಂಸ್ಥೆಯನ್ನು ತೆರೆದು ಆರ್. ಎಸ್. ಪಂಚಮುಖಿಯವರನ್ನು ಅದರ ಮುಖ್ಯಾಧಿಕಾರಿಗಳನ್ನಾಗಿ ನಿಯಮಿಸಿದ್ದೂ, ೧೯೪೯ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯವು ಸ್ಥಾಪನೆಯಾದದ್ದೂ ನಮ್ಮ ಕಡೆಯವರ ಪಾಲಿಗೆ ದೊಡ್ಡ ಸಂಗತಿಗಳು. ಹಳಿಯಾಳದಿಂದ ಧಾರವಾಡವು ಅರ್ಧ ದಿನದ ದಾರಿಯೂ ಅಲ್ಲ. ಆರ್. ಸಿ. ಹಿರೇಮಠ, ಎಂ. ಎಂ. ಕಲಬುರ್ಗಿ ಮೊದಲಾದವರ ಕೈಕೆಳಗೆ ಬೆಳೆದ ವಿದ್ಯಾರ್ಥಿಗಳ ಪರಂಪರೆಯು ಅಲ್ಲಿಂದಲೇ ಹೊರಟಿತು. ೧೯೬೫ರಿಂದ ೧೯೭೨ರ ವರೆಗೆ ಐದು ಸಂಪುಟಗಳಲ್ಲಿ ‘ಶೂನ್ಯಸಂಪಾದನೆ’ಯ ಇಂಗ್ಲಿಷ ಅನುವಾದವನ್ನು ಆ ವಿಶ್ವವಿದ್ಯಾಲಯವು ಪ್ರಕಟಿಸಿತು. ಆ ಗ್ರಂಥವನ್ನು ಓದಿದವರಿಗೆ ಒಂದು ವಿಷಯವು ಹೊಳೆಯದಿರದು. ಅದರಲ್ಲಿ ಅಲ್ಲಮಪ್ರಭುವು ಒಬ್ಬೊಬ್ಬ ಶರಣನನ್ನೂ ಪ್ರಶ್ನಿಸುತ್ತ ಹೋಗುವನು. ಆದರೆ ಸಿದ್ಧರಾಮನಿಗೆ ಹಾಕಿದ ಪ್ರಶ್ನೆಯನ್ನು ಮುಕ್ತಾಯಕ್ಕನಿಗೆ ಹಾಕುವದಿಲ್ಲ, ಅಕ್ಕಮಹಾದೇವಿಯನ್ನು ಒರೆಗೆ ಹಚ್ಚಿದ ರೀತಿಯಲ್ಲಿ ಗೋರಕ್ಷನನ್ನು ಹಚ್ಚುವದಿಲ್ಲ. ಎದುರಿಗಿರುವವರ ಕೊರತೆಯು ಎಲ್ಲಿದೆಯೋ ಅಲ್ಲಿಯೇ ಪ್ರಶ್ನೆಯು ಹೋಗಿ ತಾಗುವದು. ಮಾರ್ಗದರ್ಶನವೆಂಬುದರ ಲಕ್ಷಣವನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ಪುಸ್ತಕವು ನನಗೆ ತಿಳಿದ ಮಟ್ಟಿಗೆ ಕನ್ನಡದಲ್ಲಿ ಮತ್ತೊಂದಿಲ್ಲ.

ನಮ್ಮ ನೆರೆಯಲ್ಲಿಯೇ ಇಂಥ ಬಾಯಿಮಾತಿನ ಪರೀಕ್ಷೆಯು ಇಂದಿಗೂ ದಿನಾಲು ನಡೆಯುತ್ತಲಿದೆ. ೧೯೬೬ರಿಂದ ಮುಂಡಗೋಡದ ಬಳಿಯಲ್ಲಿ ನೆಲೆಗೊಂಡ ತಿಬೇಟೀ ಜನರ ವಸತಿಯಲ್ಲಿ ಗಾಂದೆನ್, ದ್ರೆಪುಂಗ್ ಎಂಬ ಎರಡು ಮಹಾವಿಹಾರಗಳುಂಟು. ಅಲ್ಲಿ ‘ಗೆಶೆ’ ಪದವಿಗಾಗಿ ಭಿಕ್ಷುಗಳು ಹದಿನೈದು ಇಪ್ಪತ್ತು ವರ್ಷ ಅಭ್ಯಾಸ ಮಾಡುವರು. ಅಂಗಳದಲ್ಲಿ ಒಬ್ಬನು ಕುಳಿತಿರುವನು, ಇನ್ನೊಬ್ಬನು ನಿಂತು ಚಪ್ಪಾಳೆ ತಟ್ಟಿ ಪ್ರಶ್ನೆಯನ್ನು ಎಸೆಯುವನು; ಕುಳಿತವನು ತಡವರಿಸಿದರೆ ಸುತ್ತಲಿನವರೆಲ್ಲರಿಗೂ ಅದು ತಿಳಿಯುವದು. ಅಲ್ಲಿ ಯಾರೂ ಇನ್ನೊಬ್ಬರು ಬರೆದುಕೊಟ್ಟ ಉತ್ತರವನ್ನು ತಂದು ಒಪ್ಪಿಸಲಾರರು.

ಇನ್ನು ಈ ಕಾಡಿನ ಸೀಮೆಯಲ್ಲಿಯೇ ನಡೆದ ಒಂದು ಸಂಶೋಧನೆಯ ವೃತ್ತಾಂತವನ್ನು ಸ್ವಲ್ಪ ವಿಸ್ತಾರವಾಗಿ ಹೇಳುವದು ಅವಶ್ಯ. ದಾಂಡೇಲಿಯ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಲು ೧೯೫೫ರಲ್ಲಿ ಸ್ಥಾಪನೆಗೊಂಡು ೧೯೫೯ರಿಂದ ಕಾಗದವನ್ನು ತಯಾರಿಸತೊಡಗಿತು. ಅದಕ್ಕೆ ಬೇಕಾದ ಬಿದಿರು ಸುತ್ತಲಿನ ಅಡವಿಯಿಂದ ಬರುತ್ತಿತ್ತು. ಕೆಲವು ವರ್ಷಗಳಲ್ಲಿ ಬಿದಿರು ಕಡಿಮೆಯಾಗುತ್ತ ಬಂದು, ಬುಟ್ಟಿ ಹೆಣೆದು ಬದುಕುವ ಮೇದಾರರು ಕಷ್ಟಕ್ಕೀಡಾಗಿ ದೂರಿಕೊಂಡರು. ೧೯೭೫ರ ಸುಮಾರಿಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಾಧವ ಗಾಡ್ಗೀಳರು ಈ ವಿಷಯವನ್ನು ಕೈಗೆತ್ತಿಕೊಂಡರು. ಅವರ ಜೊತೆಗೆ ಎಸ್. ಎನ್. ಪ್ರಸಾದರು ಈ ಬಿದಿರನ್ನೇ ಅಭ್ಯಾಸದ ವಿಷಯವನ್ನಾಗಿ ಹಿಡಿದು ದುಡಿದರು. ಮೇವು, ಬೆಂಕಿ, ಕಡಿತ ಇವುಗಳಿಂದ ಬಿದಿರಿಗೆ ಆಗುವ ಪರಿಣಾಮವನ್ನು ಕುರಿತ ಅವರ ಲೇಖನವು ೧೯೮೫ರಲ್ಲಿ ಪ್ರಕಟವಾಯಿತು.

ಅರಣ್ಯ ಖಾತೆಯ ಕಾಗದಪತ್ರಗಳಲ್ಲಿ ಬಿದಿರಿನ ಸಂಗ್ರಹವು ಇಷ್ಟಿಷ್ಟೆಂದು ಅಂಕಿಗಳಿದ್ದವು. ಕಾಡಿನೊಳಗೆ ಹೋಗಿ ಮೆಳೆಗಳನ್ನು ಎಣಿಸಿದಾಗ ಕಾಗದದ ಅಂಕಿಗಳು ನಿಜವಾದ ಬಿದಿರಿಗಿಂತ ಬಹಳ ಹೆಚ್ಚಾಗಿದ್ದುದು ಕಂಡಿತು. ಇನ್ನೊಂದು ಸಂಗತಿಯು ಇದಕ್ಕಿಂತ ಬೋಧಪ್ರದವಾದುದು. ಮೆಳೆಯ ಬುಡದ ಮುಳ್ಳಿನ ಹೊದಿಕೆಯನ್ನು ಸವರಿ ಚೊಕ್ಕಟ ಮಾಡಿದರೆ ಗಳಗಳು ಇಕ್ಕಟ್ಟಿಲ್ಲದೆ ಚೆನ್ನಾಗಿ ಬೆಳೆಯುವವೆಂದು ಶಾಸ್ತ್ರಜ್ಞರಾದ ಅಧಿಕಾರಿಗಳು ನಂಬಿದ್ದರು; ಹಾಗೆಯೇ ಮಾಡಿಸುತ್ತಿದ್ದರು. ಹಳ್ಳಿಯ ಜನರೋ, ಮುಳ್ಳು ಹೋದರೆ ದನಗಳೂ ಕಾಡುಮೃಗಗಳೂ ಬಾಯಿ ಹಾಕಿ ಎಳೆಯ ಕಳಲೆಯನ್ನು ತಿಂದು ಬಿಡುವವು, ಮೆಳೆಯು ನಾಶವಾಗುವದು ಎಂದು ಹೇಳಿದರು. ವರ್ಷಗಟ್ಟಲೆ ಗುರುತು ಹಾಕಿಟ್ಟು ನೋಡಲಾಗಿ ಹಳ್ಳಿಯವರ ಮಾತೇ ನಿಜವಾಯಿತು. ಈ ವೃತ್ತಾಂತವನ್ನು ಗಾಡ್ಗೀಳರು ಮುಂದೆ ಅನೇಕ ಕಡೆಗಳಲ್ಲಿ ಬರೆದಿರುವರು.

ಈಗ ವಿಚಾರ ಮಾಡಿ ನೋಡೋಣ. ಆ ಕಾಲದಲ್ಲಿ ಒಂದು ಬುದ್ಧಿವಂತ ಯಂತ್ರವಿದ್ದು, ಲಿಖಿತವಾದದ್ದೆಲ್ಲವನ್ನೂ ಓದಿ ವಿದ್ಯಾರ್ಥಿಗೆ ದಾರಿ ತೋರಿಸುವ ಕೆಲಸವು ಅದರ ಪಾಲಿಗೆ ಬಂದಿದ್ದರೆ ಅದು ಏನೆಂದು ಹೇಳುತ್ತಿತ್ತು? ಲಿಖಿತವಾದದ್ದು ಅರಣ್ಯ ಖಾತೆಯ ಅಂಕಿ ಮತ್ತು ಅರಣ್ಯ ಶಾಸ್ತ್ರದ ನಿಯಮ. ಹಳ್ಳಿಯವರ ಮಾತು ಎಲ್ಲಿಯೂ ಬರೆದಿಡಲ್ಪಟ್ಟಿರಲಿಲ್ಲ. ಯಂತ್ರವು ಮುಳ್ಳನ್ನು ಸವರಿರೆಂದೇ ಹೇಳುತ್ತಿತ್ತು, ಅದೂ ಅತ್ಯಂತ ವಿನಯದ ಭಾಷೆಯಲ್ಲಿ.

ಏಜೆಂಟರೆಂದರೆ ಯಾರೆಂಬುದನ್ನು ಇಲ್ಲಿ ಹೇಳಬೇಕು. ದಾಂಡೇಲಿಯ ಕಟ್ಟಿಗೆಯ ಡಿಪೋದಲ್ಲಿ ಮುಕಾದಮನನ್ನು ಕಂಡವರಿಗೆ ಇದು ಬೇಗನೆ ತಿಳಿಯುವದು. ಸಾಹೇಬನು ‘ಈ ಗುಡ್ಡೆಯು ಸಂಜೆಯೊಳಗೆ ಲಾರಿಗೆ ಏರಬೇಕು’ ಎಂದಷ್ಟೇ ಹೇಳುವನು. ಯಾರು ಹೊರಬೇಕು, ಯಾವ ದಿಮ್ಮಿ ಮೊದಲು, ಹಗ್ಗ ಎಲ್ಲಿಂದ ತರಬೇಕು ಎಂಬುದನ್ನು ಮುಕಾದಮನು ತಾನೇ ಗೊತ್ತುಪಡಿಸಿ, ಮುಗಿದ ಮೇಲೆ ಬಂದು ಲೆಕ್ಕ ಒಪ್ಪಿಸುವನು. ಅದರಂತೆ, ಒಂದು ಗುರಿಯನ್ನು ಕೊಟ್ಟರೆ ಅದಕ್ಕೆ ಬೇಕಾದ ಹೆಜ್ಜೆಗಳನ್ನು ತಾನೇ ಹವಣಿಸಿ, ಬೇರೆ ತಂತ್ರಾಂಶಗಳನ್ನು ಉಪಯೋಗಿಸಿ, ಹೆಜ್ಜೆಹೆಜ್ಜೆಗೆ ಅಪ್ಪಣೆ ಕೇಳದೆ ಕೆಲಸವನ್ನು ಸಾಗಿಸುವ ತಂತ್ರಾಂಶಕ್ಕೆ ಏಜೆಂಟನೆಂದು ಹೆಸರು. ಈ ವಿಚಾರವು ತೀರ ಹೊಸದಲ್ಲ. ಒಂದು ಕೆಲಸವನ್ನು ಅನೇಕ ಏಜೆಂಟರು ಗುತ್ತಿಗೆಯಂತೆ ಹಂಚಿಕೊಳ್ಳುವ ಕ್ರಮವನ್ನು ರೀಡ್ ಸ್ಮಿಥ್ ಎಂಬವರು ೧೯೮೦ರಲ್ಲಿಯೇ ಬರೆದಿದ್ದರು. ೧೯೯೫ರಲ್ಲಿ ವೂಲ್ಡ್‌ರಿಜ್ ಮತ್ತು ಜೆನಿಂಗ್ಸ್ ಎಂಬ ಇಂಗ್ಲಂಡಿನ ಪಂಡಿತರು ಏಜೆಂಟನ ಲಕ್ಷಣಗಳನ್ನು ಶಾಸ್ತ್ರೀಯವಾಗಿ ನಿರೂಪಿಸಿದರು. ಆಗಿನ ಏಜೆಂಟರಿಗೆ ಮನುಷ್ಯರ ಭಾಷೆಯು ಬರುತ್ತಿರಲಿಲ್ಲ. ೨೦೨೨ರ ನವೆಂಬರದಲ್ಲಿ ಚಾಟ್‌ಜಿಪಿಟಿ ಎಂಬುದು ಜನರ ಕೈಗೆ ಬಂದ ಮೇಲೆ ಆ ಕೊರತೆಯೂ ಬಹುಮಟ್ಟಿಗೆ ತೀರಿತು. ೨೦೨೫ರ ಫೆಬ್ರುವರಿಯಲ್ಲಿ ಗೂಗಲ್ ಕಂಪನಿಯವರು ವಿಜ್ಞಾನಿಗಳ ಸಹಾಯಕ್ಕೆಂದು ಪ್ರಕಟಿಸಿದ ಒಂದು ವ್ಯವಸ್ಥೆಯಲ್ಲಿ ಊಹೆಯನ್ನು ಹುಟ್ಟಿಸುವವನೊಬ್ಬ, ಅದನ್ನು ವಿಮರ್ಶಿಸುವವನೊಬ್ಬ, ತೂಗಿ ದರ್ಜೆ ಕಟ್ಟುವವನೊಬ್ಬ ಹೀಗೆ ಹಲವರು ಏಜೆಂಟರಿದ್ದು, ಅವರೆಲ್ಲರಿಗೆ ಕೆಲಸ ಹಂಚುವ ಏಜೆಂಟನಿಗೆ ‘ಮೇಲ್ವಿಚಾರಕ’ನೆಂದೇ ಹೆಸರಿಟ್ಟಿರುವರು. ಮೇಲ್ವಿಚಾರಕನ ಪದವಿಯು ಹೀಗೆ ಮನುಷ್ಯರಿಂದ ಕೈಬದಲಾಗುವ ಲಕ್ಷಣವು ಕಾಣುತ್ತದೆ.

ನಮ್ಮ ದೇಶದಲ್ಲಿ ಮೇಲ್ವಿಚಾರಣೆಯು ಇಷ್ಟರಲ್ಲಿಯೇ ಅರ್ಧ ಯಂತ್ರದ ಪಾಲಾಗಿತ್ತೆಂಬುದನ್ನು ಮರೆಯಬಾರದು. ವಿಶ್ವವಿದ್ಯಾಲಯ ಅನುದಾನ ಆಯೋಗವು ೨೦೦೯, ೨೦೧೬, ೨೦೨೨ ಹೀಗೆ ಮೂರು ಸಲ ಪಿಎಚ್.ಡಿ. ನಿಯಮಗಳನ್ನು ಹೊರಡಿಸಿತು. ಅವುಗಳ ಮೇರೆಗೆ ಪ್ರಾಧ್ಯಾಪಕನು ಏಕಕಾಲಕ್ಕೆ ೮, ಸಹ ಪ್ರಾಧ್ಯಾಪಕನು ೬, ಸಹಾಯಕ ಪ್ರಾಧ್ಯಾಪಕನು ೪ ವಿದ್ಯಾರ್ಥಿಗಳಿಗಿಂತ ಹೆಚ್ಚು ಜನರನ್ನು ಇಟ್ಟುಕೊಳ್ಳಕೂಡದು. ವಿದ್ಯಾರ್ಥಿಯು ಗೊತ್ತಾದ ಅವಧಿಗೊಮ್ಮೆ ಸಲಹಾ ಸಮಿತಿಯ ಮುಂದೆ ತನ್ನ ಪ್ರಗತಿಯನ್ನು ಒಪ್ಪಿಸತಕ್ಕದ್ದು. ಮುಗಿದ ಪ್ರಬಂಧವು ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರದವರ ‘ಶೋಧಗಂಗಾ’ ಭಂಡಾರಕ್ಕೆ ಹೋಗಬೇಕು. ೨೦೧೮ರ ಇನ್ನೊಂದು ನಿಯಮದಂತೆ ಬೇರೆಯವರ ಬರೆಹದೊಡನೆ ಹೋಲಿಕೆಯು ನೂರಕ್ಕೆ ೧೦ರ ವರೆಗೆ ಇದ್ದರೆ ದೋಷವಿಲ್ಲ. ೧೦ರಿಂದ ೪೦, ೪೦ರಿಂದ ೬೦, ಅದಕ್ಕೂ ಮೇಲೆ ಎಂದು ಮೂರು ದರ್ಜೆಯ ಅಪರಾಧಗಳು. ೬೦ನ್ನು ದಾಟಿದರೆ ನೋಂದಣಿಯೇ ರದ್ದಾಗುವದು. ಈ ಹೋಲಿಕೆಯನ್ನು ಅಳೆಯುವದು ಮನುಷ್ಯನಲ್ಲ, ತಂತ್ರಾಂಶ.

ಇದರಲ್ಲಿ ಕನ್ನಡದ ವಿದ್ಯಾರ್ಥಿಗೆ ಒಂದು ವಿಚಿತ್ರವಾದ ಪರಿಸ್ಥಿತಿಯುಂಟು. ಯುನಿಕೋಡ್ ಎಂಬ ಸರ್ವಸಾಮಾನ್ಯ ಲಿಪಿಸಂಕೇತವು ರೂಢಿಯಾಗುವ ಮುಂಚೆ ನಮ್ಮವರು ನುಡಿ, ಬರಹ ಮೊದಲಾದ ತಂತ್ರಾಂಶಗಳ ಹಳೆಯ ಅಕ್ಷರಗಳಲ್ಲಿ ಪ್ರಬಂಧಗಳನ್ನು ಬೆರಳಚ್ಚು ಮಾಡಿಸಿದರು. ಕಣ್ಣಿಗೆ ಅವು ಕನ್ನಡ, ಯಂತ್ರಕ್ಕೆ ಅವು ಅರ್ಥವಿಲ್ಲದ ರೋಮನ್ ಅಕ್ಷರಗಳು. ಇನ್ನು ಕೆಲವು ಬರಿಯ ಛಾಯಾಚಿತ್ರಗಳು. ಆದುದರಿಂದ ಧಾರವಾಡದ ಹಳೆಯ ಒಳ್ಳೆಯ ಪ್ರಬಂಧದಿಂದ ಯಾರಾದರೂ ಪುಟಗಟ್ಟಲೆ ಕದ್ದರೂ ಯಂತ್ರವು ‘ಹೋಲಿಕೆ ಸೊನ್ನೆ’ ಎಂದು ಹೇಳಬಹುದು. ಅದನ್ನು ಹಿಡಿಯಬಲ್ಲವನು ಆ ಹಳೆಯ ಪ್ರಬಂಧವನ್ನು ಓದಿದ ಮಾರ್ಗದರ್ಶಕನೊಬ್ಬನೇ. ಅವನು ಓದಿದ್ದರೆ!

ಈ ‘ಓದಿದ್ದರೆ’ ಎಂಬ ಮಾತಿನಲ್ಲಿಯೇ ನನ್ನ ಲೇಖನದ ಮರ್ಮವಿದೆ. ಈ ಲೇಖಕನ ಸ್ವಂತ ಪ್ರಬಂಧದ ಎರಡನೆಯ ಅಧ್ಯಾಯವು ಒಂಬತ್ತು ತಿಂಗಳ ಕಾಲ ಮಾರ್ಗದರ್ಶಕರ ಮೇಜಿನ ಮೇಲೆ ಬಿದ್ದುಕೊಂಡಿತ್ತು. ಬಸ್ಸು ಹತ್ತಿ ಹೋಗಿ ಬಾಗಿಲಲ್ಲಿ ಕಾದು ‘ಮುಂದಿನ ವಾರ’ ಎಂಬ ಉತ್ತರವನ್ನು ಪಡೆದು ಹಿಂದಿರುಗಿದ ದಿನಗಳನ್ನು ಲೆಕ್ಕವಿಟ್ಟಿಲ್ಲ. ಕೊನೆಗೆ ಅದು ಮರಳಿ ಬಂದಾಗ ಮೊದಲ ಮೂರು ಪುಟಗಳ ಮೇಲೆ ಮಾತ್ರ ಪೆನ್ಸಿಲ್ಲಿನ ಗುರುತುಗಳಿದ್ದವು. ಮುಂದೆ ನಾನೇ ಮಾರ್ಗದರ್ಶಕನಾದಾಗ ಹಾಗೆ ಮಾಡಲಿಲ್ಲವೆಂದು ಹೇಳುವ ಧೈರ್ಯ ನನಗಿಲ್ಲ. ಜೋಯಿಡಾ ಕಡೆಯ ಒಬ್ಬ ವಿದ್ಯಾರ್ಥಿನಿಯ ಕರಡನ್ನು ಪರೀಕ್ಷೆಯ ಕೆಲಸದ ನೆವದಲ್ಲಿ ನಾಲ್ಕು ತಿಂಗಳು ನೋಡದೆ ಇಟ್ಟಿದ್ದೆ. ಸೂಪಾ ಆಣೆಕಟ್ಟಿನ ನೀರಿನಲ್ಲಿ ಊರನ್ನು ಕಳೆದುಕೊಂಡ ಮನೆತನದ ಮೊಮ್ಮಗಳು ಆಕೆ. ತಾಲೂಕಿನ ಹಳೆಯ ಊರು ಮುಳುಗಿ ಕಚೇರಿಗಳು ಜೋಯಿಡಾಕ್ಕೆ ಬಂದ ವೃತ್ತಾಂತವನ್ನು ಮುದುಕರ ಬಾಯಿಂದ ಕೇಳಿ ಬರೆಯುವ ಕೆಲಸವನ್ನು ಹಿಡಿದಿದ್ದಳು. ಆ ನಾಲ್ಕು ತಿಂಗಳಲ್ಲಿ ಆಕೆಯು ಮತ್ತೊಮ್ಮೆ ಕಾಣಬೇಕೆಂದಿದ್ದ ಇಬ್ಬರು ಮುದುಕರು ತೀರಿಕೊಂಡರು.

ಇಂಥ ವಿದ್ಯಾರ್ಥಿಗಳಿಗೆ ಏಜೆಂಟನು ಉಪಕಾರಿಯಲ್ಲವೆಂದು ಹೇಳುವದು ಅನ್ಯಾಯವಾದೀತು. ದಟ್ಟವಾದ ಅಡವಿಯ, ವಿರಳವಾದ ಜನವಸತಿಯ ತಾಲೂಕಿನಲ್ಲಿ ರಾತ್ರಿ ಹತ್ತು ಗಂಟೆಗೆ ಒಂದು ವಾಕ್ಯದ ತಪ್ಪನ್ನು ತೋರಿಸಿ ಕೊಡುವವರು ಮತ್ತಾರು ಸಿಗುವರು? ಈ ಸೀಮೆಯ ವಿಷಯವಾಗಿ ಹಿಂದೆ ಬಂದ ಗ್ರಂಥಗಳು ಯಾವವು — ಟಿ. ಸಿ. ಪಾಲಾಕ್ಷಪ್ಪನವರು ಸಿದ್ದಿಯರನ್ನು ಕುರಿತು ೧೯೭೬ರಲ್ಲಿಯೂ ಮುಂಡಗೋಡದ ತಿಬೇಟಿಯರನ್ನು ಕುರಿತು ೧೯೭೮ರಲ್ಲಿಯೂ ಬರೆದ ಪುಸ್ತಕಗಳಂಥವು — ಎಂಬುದನ್ನು ಹುಡುಕಿ ಪಟ್ಟಿ ಮಾಡುವದು, ಸಮಿತಿಯ ತಾರೀಖುಗಳನ್ನು ನೆನಪಿಸುವದು, ಹೋದ ಸಲದ ಕರಡಿಗೂ ಈ ಸಲದ ಕರಡಿಗೂ ಏನು ವ್ಯತ್ಯಾಸವೆಂದು ತೋರಿಸುವದು, ಇವೆಲ್ಲ ಕಾರಕೂನನ ಕೆಲಸಗಳು. ಕಾರಕೂನನು ಕಬ್ಬಿಣದವನಾದರೆ ದಣಿವಿಲ್ಲ.

ಆದರೆ ಪಟ್ಟಿಯ ವಿಷಯದಲ್ಲಿಯೂ ಒಂದು ಎಚ್ಚರಿಕೆಯು ಬೇಕು. ಇಲ್ಲದ ಗ್ರಂಥವನ್ನು ಇದೆಯೆಂದು ಹೇಳುವ ದುರಭ್ಯಾಸವು ಈ ಯಂತ್ರಗಳಿಗೆ ಉಂಟು. ೨೦೨೩ರಲ್ಲಿ ನ್ಯೂಯಾರ್ಕಿನ ಇಬ್ಬರು ವಕೀಲರು ಚಾಟ್‌ಜಿಪಿಟಿಯು ಕಲ್ಪಿಸಿ ಕೊಟ್ಟ ಆರು ತೀರ್ಪುಗಳನ್ನು ನ್ಯಾಯಾಲಯಕ್ಕೆ ಒಪ್ಪಿಸಿ ೫,೦೦೦ ಡಾಲರು ದಂಡವನ್ನು ತೆತ್ತರು. ನನ್ನ ಪರಿಚಯದ ಒಬ್ಬ ವಿದ್ಯಾರ್ಥಿಗೆ ಅವನ ಏಜೆಂಟನು ಒಂದು ಶಾಸನದ ಸಂಪುಟ, ಪುಟ, ಸಾಲುಗಳನ್ನು ಕೂಡ ಹೇಳಿದನು. ಧಾರವಾಡದ ಗ್ರಂಥಾಲಯದಲ್ಲಿ ಸಂಪುಟವು ಸಿಕ್ಕಿತು, ಪುಟವೂ ಸಿಕ್ಕಿತು, ಶಾಸನವು ಮಾತ್ರ ಇರಲಿಲ್ಲ. ಇಂಥ ಒಂದು ಶಾಸನವು ಒಂದು ಪ್ರಬಂಧದೊಳಗೆ ನುಸುಳಿ, ಅದು ಶೋಧಗಂಗೆಗೆ ಸೇರಿ, ಮುಂದಿನ ಯಂತ್ರವು ಅದನ್ನು ಓದಿ ‘ಆಧಾರವುಂಟು’ ಎಂದು ಹೇಳತೊಡಗಿದರೆ ಅದನ್ನು ಕಿತ್ತು ತೆಗೆಯುವವರು ಯಾರು? ಹಳಕಟ್ಟಿಯವರ ಕಾಲದಲ್ಲಿ ಪ್ರಕ್ಷಿಪ್ತ ವಚನಗಳನ್ನು ಬೇರ್ಪಡಿಸುವದೇ ಕಷ್ಟವಾಗಿತ್ತು. ಆದರೆ ಅವುಗಳನ್ನು ಬರೆದವನು ಒಬ್ಬ ಮನುಷ್ಯನಾದರೂ ಇದ್ದನು.

ಇನ್ನೊಂದು ಆತಂಕವು ನಮ್ಮ ಅಡವಿಯ ಜನರಿಗೆ ಸಂಬಂಧಿಸಿದ್ದು. ಸಿದ್ದಿ, ಕುಣಬಿ, ಗೌಳಿ ಜನರ ಮನೆಗಳಲ್ಲಿ ವಿದ್ಯಾರ್ಥಿಯು ಕೇಳಿ ಬರೆದುಕೊಂಡ ಮಾತುಗಳಲ್ಲಿ ಔಷಧದ ಬೇರುಗಳಿರುವವು, ಜಮೀನಿನ ತಂಟೆಗಳಿರುವವು, ೨೦೦೬ರ ಅರಣ್ಯ ಹಕ್ಕು ಕಾಯದೆಯ ಅರ್ಜಿಗಳಿಗೆ ಬೇಕಾದ ಗುರುತುಗಳಿರುವವು. ಮಾರ್ಗದರ್ಶಕನಿಗೆ ತೋರಿಸಿದರೆ ಅವು ಅವನ ಕಪಾಟಿನಲ್ಲಿ ಉಳಿಯುವವು. ಏಜೆಂಟನಿಗೆ ಓದಿಸಿದರೆ ಅವು ಯಾವ ದೇಶದ ಯಾವ ಕಂಪನಿಯ ಭಂಡಾರಕ್ಕೆ ಹೋಗುವವೋ ಹೇಳಿದ ಆ ಮುದುಕನಿಗೂ ತಿಳಿಯದು, ಬರೆದುಕೊಂಡ ವಿದ್ಯಾರ್ಥಿಗೂ ತಿಳಿಯದು. ೨೦೨೩ರಲ್ಲಿ ವೈಯಕ್ತಿಕ ಮಾಹಿತಿಯ ರಕ್ಷಣೆಗಾಗಿ ಪಾರ್ಲಿಮೆಂಟು ಕಾಯದೆಯನ್ನು ಮಾಡಿದೆ. ಆದರೆ ಮನೆಯೊಳಗೆ ಕರೆದು ಮಜ್ಜಿಗೆ ಕೊಟ್ಟು ಹೇಳಿದ ಮಾತಿನ ಋಣವು ಕಾಯದೆಯ ಕಲಮುಗಳಲ್ಲಿ ಮುಗಿಯುವದಲ್ಲ.

ಹೀಗಿದ್ದರೂ ಒಂದು ಕೆಲಸಕ್ಕೆ ಏಜೆಂಟನನ್ನು ನೇಮಿಸಲೇಬೇಕೆಂದು ನನಗೆ ತೋರುತ್ತದೆ, ಮತ್ತು ಅದನ್ನು ಯಾರೂ ಹೇಳುವದನ್ನು ನಾನು ಕೇಳಿಲ್ಲ. ಪ್ರಗತಿಯ ವರದಿಯಲ್ಲಿ ವಿದ್ಯಾರ್ಥಿಯು ಈ ಅವಧಿಯಲ್ಲಿ ಏನು ಮಾಡಿದನೆಂದು ಕೇಳುವರು. ಮಾರ್ಗದರ್ಶಕನು ಏನು ಮಾಡಿದನೆಂಬುದಕ್ಕೆ ನಾನು ತುಂಬಿದ, ಸಹಿ ಮಾಡಿದ ಯಾವ ಹಾಳೆಯಲ್ಲಿಯೂ ಒಂದು ಕಲಮು ಇರಲಿಲ್ಲ. ಅಧ್ಯಾಯವು ಯಾವ ತಾರೀಖಿಗೆ ಅವನ ಕೈಸೇರಿತು, ಯಾವ ತಾರೀಖಿಗೆ ಹಿಂದಿರುಗಿತು, ಎಷ್ಟು ಪುಟಗಳ ಮೇಲೆ ಟಿಪ್ಪಣಿ ಬಿದ್ದಿತು ಎಂಬ ಲೆಕ್ಕವನ್ನು ದಾಕ್ಷಿಣ್ಯವಿಲ್ಲದೆ ಇಡುವದು ಮನುಷ್ಯ ಕಾರಕೂನನಿಂದ ಆಗದು. ಅವನಿಗೆ ಬಡತಿಯ ಚಿಂತೆಯಿರುವದು. ಏಜೆಂಟನಿಗೆ ಅದಿಲ್ಲ. ಪ್ರಬಂಧದ ಗುಣದೋಷವನ್ನು ಅವನು ತೂಗುವದು ಬೇಡ, ಮುಖಪುಟದ ಮೇಲೆ ಸಹಿ ಹಾಕುವದೂ ಬೇಡ. ಆ ವಹಿಯೊಂದನ್ನು ಇಟ್ಟರೆ ಸಾಕು. ಹಳಿಯಾಳದಲ್ಲಿ ೨೦೦೪ರಿಂದ ಕರ್ನಾಟಕ ಲಾ ಸೊಸಾಯಿಟಿಯವರ ಇಂಜಿನಿಯರಿಂಗ ಕಾಲೇಜು ನಡೆದಿರುವದರಿಂದ ಇಂಥ ತಂತ್ರಾಂಶವನ್ನು ಕಟ್ಟಬಲ್ಲ ತರುಣರಿಗೆ ನಾವು ಬೆಂಗಳೂರಿನ ಕಡೆಗೆ ನೋಡಬೇಕಾದ ಕಾರಣವಿಲ್ಲ.

ನಮ್ಮ ಶ್ರೀಮಠದ ಮರದ ಪೆಟ್ಟಿಗೆಯಲ್ಲಿರುವ ಕಡತಗಳನ್ನೂ ತಾಳೆಗರಿಯ ಕಟ್ಟುಗಳನ್ನೂ ಇದುವರೆಗೆ ಯಾವ ಯಂತ್ರವೂ ಓದಿಲ್ಲ. ಹೋದ ಬೇಸಿಗೆಯಲ್ಲಿ ಇಬ್ಬರು ವಿದ್ಯಾರ್ಥಿಗಳು ಅವುಗಳ ಧೂಳು ಝಾಡಿಸಿ ಪಟ್ಟಿ ಬರೆಯತೊಡಗಿರುವರು. ಪಟ್ಟಿಯ ಮೊದಲನೆಯ ಹಾಳೆಯನ್ನು ಅವರು ನನ್ನ ಬಳಿಗೆ ತಂದು ಕೊಟ್ಟು ಇಂದಿಗೆ ಹನ್ನೊಂದು ದಿನಗಳಾದವು. ಈ ಲೇಖನವನ್ನು ಮುಗಿಸಿ ಅದನ್ನು ಕೈಗೆತ್ತಿಕೊಳ್ಳುವವನಿದ್ದೇನೆ.